ತಲೈಮನ್ನಾರಿನಿಂದ ಕುಮಾರಧಾರೆಯವರೆಗೆ

ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ರಾಮಕುಂಜ ಸಿಗುತ್ತದೆ. ನಾಡಿನ ಬಹಳ ಜನ ಈ ಊರಿನ ಹೆಸರನ್ನು ಕೇಳಿದ್ದು ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮಿಗಳಿಂದಾಗಿ. 1931ರಲ್ಲಿ ಇಲ್ಲಿ ಹುಟ್ಟಿದ ಅವರು ಏಳನೆಯ ವಯಸ್ಸಿನಲ್ಲಿ ಸಂನ್ಯಾಸ ತೆಗೆದುಕೊಂಡು ಊರು ಬಿಟ್ಟರು. ಮುಂದೆ ಎಂಬತ್ತು ವರ್ಷಗಳ ಕಾಲ ಅವರು ತಿರುಗದ ಜಿಲ್ಲೆಯಿಲ್ಲ ಎನ್ನುವಷ್ಟು ತಿರುಗಿದರು. ತಿರುಗಾಟದ ಮಾತು ಬಂದರೆ ರಾಮಕುಂಜದವರು ಮೊದಲು ನೆನೆಯುವುದು ಅವರನ್ನೇ, ಅದು ಸಹಜ. ಆದರೆ ಇದೇ ದಾರಿ ಹಿಡಿದು ಕಡಬ ದಾಟಿ, ಸುಬ್ರಹ್ಮಣ್ಯದ ಕಡೆಗೋ ಸುಳ್ಯದ ಕಡೆಗೋ ಹೊರಳಿದರೆ ಗುಡ್ಡದ ಮೈತುಂಬ ರಬ್ಬರ್ ಮರಗಳು. ಆ ಮರಗಳ ನಡುವೆ ಸಾಲಾಗಿ ಕಟ್ಟಿದ ಮನೆಗಳು. ಅಲ್ಲಿರುವವರ ತಿರುಗಾಟದ ಕತೆ ಇನ್ನೂ ದೊಡ್ಡದು. ಅದನ್ನು ಕೇಳಿದವರು ಮಾತ್ರ ಕಡಿಮೆ.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನು ಜನ ಮಾತಿಗೆಳೆಯುವುದು ‘ನಿಮಗೆ ಎಲ್ಲಾಯ್ತು?’ ಎಂದು ಕೇಳಿ. ಆಲಂಕಾರು, ನೆಲ್ಯಾಡಿ, ಬೆಳ್ಳಾರೆ ಎಂದು ಉತ್ತರ ಬರುತ್ತದೆ. ‘ಅಲ್ಲಿ ಯಾರ ಮನೆ?’ ಎಂಬುದು ಮುಂದಿನ ಪ್ರಶ್ನೆ. ಎರಡೇ ನಿಮಿಷದಲ್ಲಿ ಎಲ್ಲೋ ಒಂದು ನೆಂಟಸ್ತಿಕೆ ಸಿಕ್ಕಿಬಿಡುತ್ತದೆ. ರಬ್ಬರ್ ತೋಟದ ಹೆಣ್ಣುಮಗಳನ್ನು ಇದೇ ಪ್ರಶ್ನೆ ಕೇಳಿದರೆ ‘ಸಿ.ಆರ್.ಸಿ. ಕಾಲೊನಿ’ ಎನ್ನುತ್ತಾಳೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಸಿಲೋನಿನಿಂದ, ಅಂದರೆ ಇಂದಿನ ಶ್ರೀಲಂಕಾದಿಂದ, ಬಂದವರ ಕಾಲೊನಿ ಅದು. ಊರಿನವರ ಬಾಯಲ್ಲಿ ಅವರು ‘ಸಿಲೋನಿನವರು’, ಇಲ್ಲವೆ ಬರೀ ‘ತಮಿಳರು’. ಅರ್ಧ ಶತಮಾನದಿಂದ ಜೊತೆಗಿರುವ ನೆರೆಯವರ ಬಗ್ಗೆ ನಮಗಿರುವ ತಿಳಿವಳಿಕೆ ಇಷ್ಟೇ ಆದರೆ ಅದು ಸರಿಯಲ್ಲ. ಈ ಭಾಷಣ ಅವರ ಬಗ್ಗೆ.

ಕತೆ ಆರಂಭವಾಗುವುದು ಇನ್ನೂರು ವರ್ಷಗಳ ಹಿಂದೆ. 1820ರ ದಶಕದಲ್ಲಿ ಬ್ರಿಟಿಷರು ಸಿಲೋನಿನ ನಡುನಾಡಿನ ಬೆಟ್ಟಗಳಲ್ಲಿ ಕಾಫಿ ತೋಟ ಮಾಡತೊಡಗಿದರು. ಅಲ್ಲಿನ ಸಿಂಹಳ ರೈತರು ಸ್ವಂತ ಗದ್ದೆ ಬಿಟ್ಟು ಕೂಲಿಗೆ ಬರಲು ಒಪ್ಪಲಿಲ್ಲ. ಆಗ ತೋಟದ ಧಣಿಗಳ ಕಣ್ಣು ಬಿದ್ದದ್ದು ಕಡಲಾಚೆಯ ತಮಿಳುನಾಡಿನ ಮೇಲೆ. ರಾಮನಾಡು, ಮಧುರೆ, ತಿರುಚಿನಾಪಳ್ಳಿ, ಪುದುಕೋಟೆ, ಸೇಲಂ ಕಡೆಯ ಬರಪೀಡಿತ ಹಳ್ಳಿಗಳಿಂದ ಜನರನ್ನು ಕರೆತಂದರು. ಕರೆತರುವವನು ಕಂಗಾಣಿ. ಅವನೂ ಅದೇ ಹಳ್ಳಿಯವನು, ಅದೇ ಭಾಷೆಯವನು. ಮುಂಗಡ ಕೊಟ್ಟು ಸಾಲದಲ್ಲಿ ಕಟ್ಟಿಹಾಕಿ, ತೋಟದಲ್ಲೂ ಅವರ ಮೇಲೆ ಮೇಸ್ತ್ರಿಯಾಗಿ ನಿಲ್ಲುತ್ತಿದ್ದ. ದೋಣಿಯಲ್ಲಿ ಮನ್ನಾರಿಗೆ ಇಳಿದವರು ಅಲ್ಲಿಂದ ಕಾಡು ಹಾದು ಮಾತಳೆಯವರೆಗೆ ನಡೆಯಬೇಕಿತ್ತು. ನೀರಿಲ್ಲದ ದಾರಿ, ಕಾಲರಾ, ಮಲೇರಿಯಾ. ಸತ್ತವರನ್ನು ದಾರಿಯ ಬದಿಯಲ್ಲೇ ಬಿಟ್ಟು ಉಳಿದವರು ಮುಂದೆ ನಡೆದರು.

ಕಾಫಿಯ ಕೆಲಸ ವರ್ಷದಲ್ಲಿ ಕೆಲವು ತಿಂಗಳಿಗೆ ಮುಗಿಯುತ್ತಿತ್ತು, ಕೊಯ್ಲಾದ ಮೇಲೆ ಊರಿಗೆ ಮರಳುವ ದಾರಿಯಿತ್ತು. 1869ರಲ್ಲಿ ಕಾಫಿ ಎಲೆಗೆ ತುಕ್ಕುರೋಗ ಬಡಿಯಿತು. ಕೆಲವೇ ವರ್ಷಗಳಲ್ಲಿ ತೋಟಗಳು ಬೋಳಾದವು. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಕ್ಯಾಂಡಿಯ ಹತ್ತಿರ ಲೂಲ್ಕಂಡೂರದಲ್ಲಿ ಚಹಾ ನೆಟ್ಟಿದ್ದ. ಕಾಫಿ ಹೋದ ಬೆಟ್ಟಗಳನ್ನೆಲ್ಲ ಚಹಾ ಹಿಡಿಯಿತು. ಕೂಲಿಯವರ ಬದುಕನ್ನು ತಿರುಗಿಸಿದ್ದೂ ಇದೇ ಬದಲಾವಣೆ. ಚಹಾ ಗಿಡ ವರ್ಷವಿಡೀ ಚಿಗುರುತ್ತದೆ, ವಾರಕ್ಕೊಮ್ಮೆಯಾದರೂ ಕೊಯ್ಯಲೇಬೇಕು. ಕೊಯ್ಯಲು ಹೆಂಗಸರು ಬೇಕು, ಗಿಡ ಸವರಲು ಗಂಡಸರು ಬೇಕು, ಕಳೆ ಕೀಳಲು ಮಕ್ಕಳು ಬೇಕು. ಹೀಗಾಗಿ ಸಂಸಾರಕ್ಕೆ ಸಂಸಾರವೇ ತೋಟದಲ್ಲಿ ನೆಲೆನಿಂತಿತು. ಹತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆಗಳ ಸಾಲು, ಅದಕ್ಕೆ ‘ಲಯ’ ಎಂದು ಹೆಸರು. ಮೂರು ನಾಲ್ಕು ತಲೆಮಾರು ಅದರಲ್ಲಿ ಹುಟ್ಟಿ ಅದರಲ್ಲೇ ಕಣ್ಣು ಮುಚ್ಚಿತು. ಜಗತ್ತು ಸಿಲೋನ್ ಚಹಾವನ್ನು ಹೊಗಳಿ ಕುಡಿಯಿತು. ಕೊಯ್ದವರು ಯಾರೆಂದು ಕೇಳಿದವರು ಎಷ್ಟು ಮಂದಿ?

1948ರ ಫೆಬ್ರವರಿ 4ರಂದು ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ ಕೊನೆಗೆ ಹೊಸ ಪೌರತ್ವ ಕಾಯಿದೆ ಜಾರಿಗೆ ಬಂತು. ತಂದೆ ಸಿಲೋನಿನಲ್ಲಿ ಹುಟ್ಟಿದ್ದನೆಂದು, ಇಲ್ಲವೆ ಅಜ್ಜನೂ ಮುತ್ತಜ್ಜನೂ ಅಲ್ಲಿ ಹುಟ್ಟಿದ್ದರೆಂದು ರುಜುವಾತು ಮಾಡಿದವರಿಗೆ ಮಾತ್ರ ಪೌರತ್ವ. ತೋಟದ ಲಯದಲ್ಲಿ ಹುಟ್ಟಿದ ಅಜ್ಜನ ಜನನ ಪತ್ರ ಯಾರ ಹತ್ತಿರ ಇರುತ್ತದೆ? ಸುಮಾರು ಏಳು ಲಕ್ಷ ಜನ ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. ಇದರ ಹಿಂದೆ ರಾಜಕೀಯದ ಲೆಕ್ಕವೂ ಇತ್ತು. 1947ರ ಚುನಾವಣೆಯಲ್ಲಿ ತೋಟದ ಕಾರ್ಮಿಕರ ಪಕ್ಷವಾದ ಸಿಲೋನ್ ಇಂಡಿಯನ್ ಕಾಂಗ್ರೆಸ್ ಏಳು ಸ್ಥಾನ ಗೆದ್ದಿತ್ತು, ಇನ್ನೂ ಹಲವು ಕ್ಷೇತ್ರಗಳಲ್ಲಿ ಇವರ ಮತ ಎಡಪಕ್ಷಗಳ ಕಡೆಗೆ ವಾಲಿತ್ತು. 1949ರಲ್ಲಿ ಮತದಾನದ ಹಕ್ಕೂ ಹೋಯಿತು. ದೇಶಕ್ಕೆ ಅತಿ ಹೆಚ್ಚು ವಿದೇಶಿ ಹಣ ಗಳಿಸಿಕೊಡುತ್ತಿದ್ದ ಜನ, ಆ ದೇಶದ ಮತಪಟ್ಟಿಯಲ್ಲಿ ಇಲ್ಲವಾದರು.

ಮುಂದಿನ ಹದಿನೈದು ವರ್ಷ ದೆಹಲಿಗೂ ಕೊಲಂಬೊಗೂ ನಡುವೆ ಮಾತುಕತೆ ಎಳೆದಾಡಿತು. ಇವರು ನಿಮ್ಮವರು ಎಂದು ಕೊಲಂಬೊ ಹೇಳುತ್ತಿತ್ತು. ನಿಮ್ಮಲ್ಲೇ ಹುಟ್ಟಿದವರು, ನಿಮ್ಮವರೇ ಎಂದು ನೆಹರೂ ಹೇಳುತ್ತಿದ್ದರು. ನೆಹರೂ ತೀರಿಕೊಂಡ ಮೇಲೆ, 1964ರ ಅಕ್ಟೋಬರ್ ಕೊನೆಯಲ್ಲಿ, ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಕೆಯವರೂ ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು ಜನ 9,75,000 ಎಂದು ಲೆಕ್ಕ. ಅದರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯ ವಿಚಾರ ಆಮೇಲೆ. 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅವರನ್ನೂ ಅರ್ಧರ್ಧ ಮಾಡಿಕೊಂಡದ್ದಾಯಿತು. ಮನುಷ್ಯರನ್ನು ಹೀಗೆ ಸಾವಿರದ ಲೆಕ್ಕದಲ್ಲಿ ಪಾಲು ಮಾಡುವಾಗ ಆ ಮನುಷ್ಯರನ್ನು ಒಂದು ಮಾತು ಕೇಳಲಿಲ್ಲ. ಎರಡೂ ಸರ್ಕಾರಗಳು ಒಳ್ಳೆಯ ನೆರೆಹೊರೆಯನ್ನು ಬಯಸಿದವು, ಅದರಲ್ಲಿ ಸಂಶಯವಿಲ್ಲ. ಆ ಸ್ನೇಹದ ಬೆಲೆಯನ್ನು ತೆತ್ತವರು ಚಹಾ ತೋಟದ ಕೂಲಿಯವರು.

ಒಪ್ಪಂದವಾದ ಎರಡೇ ತಿಂಗಳಿಗೆ, ಡಿಸೆಂಬರ್ 22ರ ರಾತ್ರಿ, ಚಂಡಮಾರುತವೊಂದು ಧನುಷ್ಕೋಟಿಯನ್ನು ಕೊಚ್ಚಿಕೊಂಡು ಹೋಯಿತು. ಸಿಲೋನಿನ ತಲೈಮನ್ನಾರಿನಿಂದ ಬರುವ ಹಡಗು ನಿಲ್ಲುತ್ತಿದ್ದ ಕಟ್ಟೆ, ರೈಲು ನಿಲ್ದಾಣ, ಹಳಿಯ ಮೇಲಿದ್ದ ರೈಲು ಎಲ್ಲವೂ ಹೋದವು. ಅಂದಿನಿಂದ ಹಡಗು ರಾಮೇಶ್ವರಕ್ಕೆ ಬರತೊಡಗಿತು. ‘ರಾಮಾನುಜಂ’ ಎಂಬುದು ಅದರ ಹೆಸರು. ಲಕ್ಷಾಂತರ ಜನ ಅದರಲ್ಲೇ ದಾಟಿದರು.

ಅರ್ಜಿ ಹಾಕುವಾಗ ಭಾರತದ ಪೌರತ್ವ ಬೇಕೆಂದವರಿಗಿಂತ ಸಿಲೋನಿನ ಪೌರತ್ವ ಬೇಕೆಂದವರೇ ಹೆಚ್ಚಾಗಿದ್ದರು. ಇದನ್ನು ನೆನಪಿಡಬೇಕು. ತಾಯ್ನಾಡಿಗೆ ಮರಳಿದವರೆಂದು ಸರ್ಕಾರದ ಕಾಗದಗಳು ಇವರನ್ನು ಕರೆದವು. ಬಂದವರಲ್ಲಿ ಬಹುಪಾಲು ಮಂದಿ ಭಾರತವನ್ನು ಅದುವರೆಗೆ ಕಂಡೇ ಇರಲಿಲ್ಲ. ಅವರ ಊರು ಹಟ್ಟನ್, ನುವರ ಎಲಿಯ, ಬದುಳ್ಳ, ಕ್ಯಾಂಡಿ. ಬೆಟ್ಟದ ತಂಪು, ಬೆಳಗಿನ ಮಂಜು, ಕಂಬಳಿ ಹೊದ್ದ ಬದುಕು. 1970ರ ದಶಕದ ಮೊದಲ ಭಾಗದಲ್ಲಿ ತೋಟಗಳು ಸರ್ಕಾರದ ವಶವಾದವು, ಅಕ್ಕಿಹಿಟ್ಟಿಗೆ ತತ್ವಾರವಾಗಿ ಲಯಗಳಲ್ಲಿ ಹಸಿವೆಯಿಂದ ಜನ ಸತ್ತರು. 1977ರಲ್ಲಿ ಗಲಭೆ, 1983ರಲ್ಲಿ ಅದಕ್ಕಿಂತ ಭೀಕರ ಗಲಭೆ. ಒಲ್ಲೆನೆಂದವರೂ ಕೊನೆಗೆ ಹೊರಟರು. ಭವಿಷ್ಯನಿಧಿಯ ಹಣ ತರಬಹುದೆಂದು ಒಪ್ಪಂದ ಹೇಳಿತ್ತು. ಒಂದು ಕುಟುಂಬ ತರಬಹುದಾದ ಆಸ್ತಿಯ ಮೇಲಿನ ಮಿತಿಯನ್ನು ನಾಲ್ಕು ಸಾವಿರ ರೂಪಾಯಿಗಿಂತ ಕೆಳಗೆ ಇಳಿಸಬಾರದೆಂದೂ ಅದರಲ್ಲಿ ಬರೆದಿತ್ತು. ಮೂರು ತಲೆಮಾರು ದುಡಿದ ಜನಕ್ಕೆ ಇಂಥ ಮಾತನ್ನು ಒಂದು ರಕ್ಷಣೆಯೆಂದು ಬರೆಯಬೇಕಾಗಿ ಬಂತು ಎಂಬುದರಲ್ಲೇ ಅವರ ಸ್ಥಿತಿ ಕಾಣುತ್ತದೆ.

ಒಂದೇ ಮನೆಯಲ್ಲಿ ಅಣ್ಣನಿಗೆ ಭಾರತದ ಪಾಸ್‌ಪೋರ್ಟ್, ತಂಗಿಯ ಗಂಡನಿಗೆ ಸಿಲೋನಿನ ಪೌರತ್ವ. ಹೀಗೆ ಸಂಸಾರಗಳು ಸೀಳಿಹೋದವು. 1984ರಲ್ಲಿ ಹಡಗೂ ನಿಂತಿತು. ಬಳಿಕ ಸಾವಿಗೂ ಮದುವೆಗೂ ಕಾಗದ ಮಾತ್ರ.

ರಾಮೇಶ್ವರದಲ್ಲಿ ಇಳಿದವರು ಮಂಟಪಂ ಎಂಬ ಊರಿನ ಶಿಬಿರಕ್ಕೆ. ಅಲ್ಲಿಂದ ಪಟ್ಟಿ ಪ್ರಕಾರ ಬೇರೆ ಬೇರೆ ಕಡೆಗೆ. ತಮಿಳುನಾಡು ಸರ್ಕಾರ 1968ರಲ್ಲಿ ನೀಲಗಿರಿಯಲ್ಲಿ ಚಹಾ ತೋಟದ ಯೋಜನೆ ಆರಂಭಿಸಿತ್ತು, ಗೂಡಲೂರು, ಕೋಟಗಿರಿ, ಕೂನೂರಿನ ತೋಟಗಳಿಗೆ ಸಾವಿರಾರು ಕುಟುಂಬ ಹೋದವು. ಚಹಾ ಬಲ್ಲವರಿಗೆ ಚಹಾದ ಕೆಲಸ. ಅದಾದರೂ ಒಂದು ಸಮಾಧಾನ. ಕೇರಳ ಪುನಲೂರಿನ ಬಳಿ ರಬ್ಬರ್ ತೋಟ ಮಾಡಿತು. ಆಂಧ್ರದಲ್ಲಿ ಕೆಲವರಿಗೆ ನೂಲಿನ ಗಿರಣಿ ಸಿಕ್ಕಿತು. ಬರ್ಮಾದಿಂದಲೂ ಸಿಲೋನಿನಿಂದಲೂ ಬಂದವರಿಗೆ ಸಾಲ ಕೊಡಲೆಂದೇ 1969ರಲ್ಲಿ ಮದರಾಸಿನಲ್ಲಿ ರೆಪ್ಕೊ ಎಂಬ ಸಹಕಾರಿ ಬ್ಯಾಂಕು ಹುಟ್ಟಿತು, ಅದು ಇಂದಿಗೂ ಇದೆ. ಕರ್ನಾಟಕದ ಪಾಲಿಗೆ ಬಂದವರನ್ನು ಹೆಚ್ಚಾಗಿ ಕಳುಹಿಸಿದ್ದು ದಕ್ಷಿಣ ಕನ್ನಡಕ್ಕೆ, ಸುಳ್ಯ ಪುತ್ತೂರಿನ ಗುಡ್ಡಗಳಿಗೆ. ಅಂದಿನ ಪುತ್ತೂರು ತಾಲ್ಲೂಕಿನ ಒಂದು ಭಾಗ ಈಗ ಕಡಬ ತಾಲ್ಲೂಕಾಗಿದೆ. 1971ರಲ್ಲಿ ಸ್ಥಾಪನೆಯಾದ ಅರಣ್ಯ ಅಭಿವೃದ್ಧಿ ನಿಗಮ ಇಲ್ಲಿನ ಅರಣ್ಯಭೂಮಿಯಲ್ಲಿ ರಬ್ಬರ್ ಬೆಳೆಸಿತು. ಇಂದು ಆ ತೋಟಗಳ ಹರವು ನಾಲ್ಕು ಸಾವಿರ ಹೆಕ್ಟೇರಿಗಿಂತ ಹೆಚ್ಚು.

ಇಲ್ಲಿ ಸ್ವಲ್ಪ ನಿಂತು ಆ ಕೆಲಸವನ್ನು ನೋಡಬೇಕು. ರಬ್ಬರ್ ನೆಡುವುದೆಂದರೆ ಮೊದಲು ಕಾಡು ಸವರಬೇಕು, ಇಳಿಜಾರಿನಲ್ಲಿ ಮೆಟ್ಟಿಲು ಕಡಿಯಬೇಕು, ಗುಂಡಿ ತೋಡಬೇಕು. ನೆಟ್ಟ ಗಿಡ ಹಾಲು ಕೊಡಲು ಏಳು ವರ್ಷ. ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ಐವತ್ತು ಸೆಂಟಿಮೀಟರ್ ಆದ ಮೇಲೆಯೇ ಕತ್ತಿ ಇಡುವುದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ, ಉಂಬಳಗಳ ನಡುವೆ, ಆ ಏಳು ವರ್ಷ ಗಿಡ ಸಾಕಿದವರಲ್ಲಿ ಇವರೂ ಇದ್ದರು. ಬೆಟ್ಟದ ತಂಪಿನಿಂದ ಇಳಿದವರಿಗೆ ಕರಾವಳಿಯ ಸೆಖೆಯೇ ಒಂದು ಶಿಕ್ಷೆ.

ಚಹಾದಲ್ಲಿ ಕೈಬೆರಳಿನ ಕೆಲಸ, ಎರಡೆಲೆ ಒಂದು ಕುಡಿ. ರಬ್ಬರಿನಲ್ಲಿ ಕತ್ತಿಯ ಕೆಲಸ. ಬೆಳಗಿನ ಜಾವ, ಇನ್ನೂ ಬೆಳಕು ಹರಿಯುವ ಮುಂಚೆ, ಹಣೆಗೆ ಟಾರ್ಚು ಕಟ್ಟಿಕೊಂಡು ಹೊರಡಬೇಕು. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆಯಾಗುತ್ತದೆ. ಮರದ ಎಡಮೇಲಿನಿಂದ ಬಲಕೆಳಕ್ಕೆ, ಅರ್ಧ ಸುತ್ತು, ಸುಮಾರು ಮೂವತ್ತು ಡಿಗ್ರಿ ಓರೆಗೆ ತೊಗಟೆಯನ್ನು ತೆಳುವಾಗಿ ಕೆತ್ತುತ್ತ ಹೋಗಬೇಕು. ಆಳ ಕಡಿಮೆಯಾದರೆ ಹಾಲು ಬರುವುದಿಲ್ಲ, ಕೂದಲೆಳೆಯಷ್ಟು ಹೆಚ್ಚಾದರೆ ಮರಕ್ಕೆ ಗಾಯ, ಅಲ್ಲಿ ಮತ್ತೆ ಒಳ್ಳೆಯ ತೊಗಟೆ ಕಟ್ಟುವುದಿಲ್ಲ. ಒಬ್ಬ ಟ್ಯಾಪರ್ ಬೆಳಗಿನ ಹೊತ್ತಿನಲ್ಲಿ ಮುನ್ನೂರರ ಆಸುಪಾಸಿನ ಮರಗಳನ್ನು ಸುತ್ತುತ್ತಾರೆ. ಆಮೇಲೆ ಅದೇ ದಾರಿಯಲ್ಲಿ ಇನ್ನೊಂದು ಸುತ್ತು, ಚಿಪ್ಪಿನಲ್ಲಿ ತುಂಬಿದ ಹಾಲನ್ನು ಬಕೆಟ್ಟಿಗೆ ಸುರಿಯಲು. ಆ ಹಾಲಿಗೆ ಆ್ಯಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಿದರೆ ಶೀಟು. ಮಳೆಗಾಲದಲ್ಲಿ ಮರಮರಕ್ಕೂ ಪ್ಲಾಸ್ಟಿಕ್ ಕಟ್ಟಬೇಕು. ಇಲ್ಲದಿದ್ದರೆ ಕೆತ್ತಿದ ಜಾಗಕ್ಕೆ ನೀರಿಳಿದು ಹಾಲೆಲ್ಲ ತೊಳೆದುಹೋಗುತ್ತದೆ. ಇದು ಕೂಲಿ ಎನ್ನುವುದಕ್ಕಿಂತ ಕಸುಬು. ಚಹಾ ಬಿಟ್ಟು ಬಂದ ಕೈಗಳು ನಡುವಯಸ್ಸಿನಲ್ಲಿ ಇದನ್ನು ಮೊದಲಿನಿಂದ ಕಲಿತವು.

ರಬ್ಬರ್ ಮರದ ವಲಸೆಯ ಕತೆಯೂ ಸಿಲೋನಿನ ಮೂಲಕವೇ ಹಾದುಬರುತ್ತದೆ. 1876ರಲ್ಲಿ ಹೆನ್ರಿ ವಿಕಮ್ ಎಂಬವನು ಬ್ರೆಜಿಲಿನ ಅಮೆಜಾನ್ ಕಾಡಿನಿಂದ ಎಪ್ಪತ್ತು ಸಾವಿರದಷ್ಟು ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ತಂದ. ಮೊಳೆತದ್ದು ಎರಡು ಸಾವಿರದ ಏಳುನೂರರಷ್ಟು. ಅದರಲ್ಲಿ ಹೆಚ್ಚಿನ ಸಸಿಗಳನ್ನು ಅದೇ ವರ್ಷ ಹಡಗಿನಲ್ಲಿ ಸಿಲೋನಿಗೆ ಕಳುಹಿಸಿ ಕೊಲಂಬೊ ಬಳಿಯ ಹೆನರತ್‌ಗೊಡದಲ್ಲಿ ನೆಟ್ಟರು. ಏಷ್ಯಾದ ರಬ್ಬರ್ ಬೇಸಾಯಕ್ಕೆ ತಳಹದಿಯಾದ ತೋಟಗಳಲ್ಲಿ ಅದೂ ಒಂದು. ಭಾರತದಲ್ಲಿ ವ್ಯಾಪಾರಕ್ಕಾಗಿ ಮೊದಲ ತೋಟ ಎದ್ದದ್ದು 1902ರಲ್ಲಿ, ಕೇರಳದ ಪೆರಿಯಾರ್ ದಂಡೆಯಲ್ಲಿ. ಮರವನ್ನು ಎಲ್ಲಿಯದೆಂದು ಇಂದು ಯಾರೂ ಕೇಳುವುದಿಲ್ಲ, ಅದು ನಮ್ಮ ಗುಡ್ಡದ ಬೆಳೆ. ಅದಕ್ಕೆ ಕತ್ತಿ ಇಡುವ ಕೈಯನ್ನು ಮಾತ್ರ ಈಗಲೂ ಕೇಳುತ್ತೇವೆ.

ನಿಜ ಹೇಳಬೇಕೆಂದರೆ ಪುತ್ತೂರು, ಸುಳ್ಯ, ಕಡಬದಲ್ಲಿ ಯಾರ ಹಿರಿಯರ ಕತೆ ಕೇಳಿದರೂ ಎಲ್ಲಿಂದಲೋ ಬಂದದ್ದೇ. ಅರೆಭಾಷೆಯ ಗೌಡರ ಹೇಳಿಕೆಗಳಲ್ಲಿ ಘಟ್ಟದ ಮೇಲಿನ ಐಗೂರು ಬರುತ್ತದೆ. ಹವ್ಯಕರು ಉತ್ತರದ ಹೈವ ನಾಡನ್ನು ನೆನೆಯುತ್ತಾರೆ. ಚಿತ್ಪಾವನರು ಕೊಂಕಣದ ದಾರಿಯಲ್ಲಿ ಇಳಿದರು. ಇನ್ನೂ ಹತ್ತಿರದ ಕಾಲಕ್ಕೆ ಬಂದರೆ, ತಿರುವಾಂಕೂರಿನ ಕಡೆಯಿಂದ ಮಲಬಾರಿಗೆ ಬಂದ ಸಿರಿಯನ್ ಕ್ರೈಸ್ತರು ಅಲ್ಲಿಂದ ಮೇಲೇರಿ ನೆಲ್ಯಾಡಿ, ಶಿರಾಡಿ, ಇಚ್ಲಂಪಾಡಿ, ಕಡಬದ ಆಸುಪಾಸಿನಲ್ಲಿ ಜಾಗ ಕೊಂಡರು. ಇವರು ಈ ಸೀಮೆಗೆ ಖಾಸಗಿ ರಬ್ಬರ್ ಬೇಸಾಯವನ್ನು ಹರಡಿದವರು. ಅವರ ಇಗರ್ಜಿಗಳು ಎದ್ದವು, ಶಾಲೆಗಳು ಎದ್ದವು. 1999ರಲ್ಲಿ ಬೆಳ್ತಂಗಡಿಗೂ 2010ರಲ್ಲಿ ಪುತ್ತೂರಿಗೂ ಅವರದೇ ಧರ್ಮಪ್ರಾಂತ್ಯಗಳಾದವು. ಈ ಕ್ರೈಸ್ತರೂ ಸಿಲೋನಿನವರೂ ಬಂದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ನಿಂತದ್ದು ಒಂದೇ ಬೆಳೆಯ ಮೇಲೆ. ವ್ಯತ್ಯಾಸ ಇಷ್ಟೇ: ಒಬ್ಬರು ದಕ್ಷಿಣದಲ್ಲಿ ಎರಡೆಕರೆ ಮಾರಿ ಇಲ್ಲಿ ಹತ್ತೆಕರೆ ಕೊಂಡರು, ಇನ್ನೊಬ್ಬರ ಹತ್ತಿರ ಮಾರಲು ಏನೂ ಇರಲಿಲ್ಲ. ನೆಲ ಇದ್ದವರು ಹತ್ತಿಪ್ಪತ್ತು ವರ್ಷದಲ್ಲಿ ಊರಿನ ಕೃಷಿಕರೆನಿಸಿದರು. ನೆಲ ಇಲ್ಲದವರು ಮೂರನೆಯ ತಲೆಮಾರಿನಲ್ಲೂ ಕಾಲೊನಿಯವರೇ. 2011ರ ಸುಮಾರಿಗೆ ರಬ್ಬರ್ ಬೆಲೆ ಕಿಲೋಗೆ ಇನ್ನೂರು ರೂಪಾಯಿ ದಾಟಿದಾಗ ಮನೆ ಕಟ್ಟಿದವರು ತೋಟ ಇದ್ದವರು. ಮುಂದೆ ಬೆಲೆ ಅರ್ಧಕ್ಕೆ ಕುಸಿದಾಗ ಕೆಲಸ ಹೋದೀತೆಂದು ಮೊದಲು ಹೆದರಿದವರು ಟ್ಯಾಪಿಂಗಿನವರು.

ಭಾಷೆಯ ವಿಷಯದಲ್ಲಿ ಸಿಲೋನಿನವರು ಮಾಡಿದ್ದು ದೊಡ್ಡ ಸಾಹಸ. ಮನೆಯಲ್ಲಿ ತಮಿಳು, ಅದೂ ಸಿಲೋನಿನ ಬೆಟ್ಟದ ತಮಿಳು. ಸಂತೆಯಲ್ಲಿ ತುಳು. ಸುಳ್ಯದ ಕಡೆ ಅರೆಭಾಷೆಯೂ ಕಿವಿಗೆ ಬೀಳುತ್ತದೆ. ತೋಟದ ನೆರೆಯಲ್ಲಿ ಮಲಯಾಳ. ಕಚೇರಿಗೂ ಶಾಲೆಗೂ ಕನ್ನಡ. ಇಲ್ಲೇ ಹುಟ್ಟಿದ ಮಕ್ಕಳು ಕನ್ನಡ ಶಾಲೆಗೆ ಹೋದರು, ಕನ್ನಡದಲ್ಲೇ ಪರೀಕ್ಷೆ ಬರೆದರು. ಇಂದು ಆ ಮನೆಗಳಿಂದ ಬೆಂಗಳೂರಿಗೂ ಮಂಗಳೂರಿಗೂ ಹೋಗಿ ದುಡಿಯುವ ಯುವಕರಿದ್ದಾರೆ. ಅವರ ಅಜ್ಜಿಗೆ ಬರುವ ಅಕ್ಷರ ಬೇರೆ, ಮೊಮ್ಮಗಳಿಗೆ ಬರುವ ಅಕ್ಷರ ಬೇರೆ. ಕನ್ನಡ ಶಾಲೆಗಳಿಗೆ ಮಕ್ಕಳಿಲ್ಲವೆಂದು ಚಿಂತಿಸುವ ನಾವು, ಎಷ್ಟೋ ವರ್ಷ ಗುಡ್ಡದ ಶಾಲೆಗಳ ಬೆಂಚು ತುಂಬಿಸಿದ ಈ ಮಕ್ಕಳನ್ನು ನೆನೆಯಬೇಕು.

ಭಾಷೆಯ ಮಾತು ಬಂದುದರಿಂದ ಇದೂ ಒಂದು. ಆ ದಿನಗಳಲ್ಲಿ ಸಿಲೋನ್ ಬಾನುಲಿಯ ತಮಿಳು ಸೇವೆ ದಕ್ಷಿಣ ಭಾರತದಲ್ಲೆಲ್ಲ ಕೇಳುತ್ತಿತ್ತು, ಬಿ. ಎಚ್. ಅಬ್ದುಲ್ ಹಮೀದರ ದನಿ ಮನೆಮಾತಾಗಿತ್ತು. ಉಳಿದವರಿಗೆ ಅದು ಚಿತ್ರಗೀತೆಯ ಸ್ಟೇಷನ್. ಲಯದಿಂದ ಬಂದವರಿಗೆ ಅದು ಬಿಟ್ಟುಬಂದ ಊರಿನಿಂದ ದಿನವೂ ಬರುವ ದನಿ.

ದೇಶ ಬಿಟ್ಟು ದುಡಿಯುವುದು ಈ ಸೀಮೆಗೆ ಹೊಸದಲ್ಲ. ಉಪ್ಪಿನಂಗಡಿ, ಪುತ್ತೂರು, ಸುಳ್ಯದಲ್ಲಿ ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಕೇರಿ ಸಿಗುವುದು ಕಷ್ಟ. 1990ರಲ್ಲಿ ಇರಾಕ್ ಕುವೈತನ್ನು ಹಿಡಿದುಕೊಂಡಾಗ ಸುಮಾರು 1,70,000 ಭಾರತೀಯರನ್ನು ಅಮ್ಮಾನಿನ ಮೂಲಕ ವಿಮಾನದಲ್ಲಿ ಕರೆತರಲಾಯಿತು. ಬಟ್ಟೆಬರೆ ಬಿಟ್ಟು ಬಂದ ಮಗನನ್ನು ತಬ್ಬಿಕೊಂಡ ಮನೆಗಳು ಕರಾವಳಿಯಲ್ಲಿ ಎಷ್ಟೋ. ಹತ್ತಿಪ್ಪತ್ತು ವರ್ಷ ದುಡಿದರೂ ಆ ದೇಶ ನಮ್ಮದಾಗದು ಎಂಬುದು ಅವರಿಗೆ ಗೊತ್ತು. ಆದರೆ ಅವರಿಗೆ ಮರಳಲು ಒಂದು ಮನೆಯಿತ್ತು, ತುಳಸಿಕಟ್ಟೆಯೋ ಮಸೀದಿಯೋ ಇಗರ್ಜಿಯೋ ಇತ್ತು, ಹೆಸರು ಹೇಳಿದರೆ ಗುರುತಿಸುವ ಊರಿತ್ತು. ಸಿಲೋನಿನಿಂದ ಬಂದವರಿಗೆ ಅದಿರಲಿಲ್ಲ. ಅಜ್ಜ ಬಿಟ್ಟುಬಂದ ರಾಮನಾಡಿನ ಹಳ್ಳಿಗೂ ಅವರು ಹೊಸಬರು, ರಬ್ಬರಿನ ಗುಡ್ಡಕ್ಕೂ ಹೊಸಬರು.

ಅಸಲು ಗಂಟು ಇರುವುದು ಮತ್ತೆ ಅಜ್ಜನ ಕಾಗದದಲ್ಲೇ. ತೋಟದ ಜನರಲ್ಲಿ ಬಹಳ ಮಂದಿ ದಲಿತರು. ಪರಿಶಿಷ್ಟ ಜಾತಿಯ ಪಟ್ಟಿಗಳು ಹೊರಟದ್ದು 1950ರ ರಾಷ್ಟ್ರಪತಿಗಳ ಆದೇಶದಿಂದ, ಅವು ರಾಜ್ಯ ರಾಜ್ಯಕ್ಕೂ ಬೇರೆ. ಒಂದು ರಾಜ್ಯದ ಪರಿಶಿಷ್ಟ ಜಾತಿಯವರು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿ ಆ ಸೌಲಭ್ಯ ತಾನಾಗಿ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು. ಆದಿದ್ರಾವಿಡ ಎಂಬ ಹೆಸರು ಕರ್ನಾಟಕದ ಪಟ್ಟಿಯಲ್ಲೂ ಇದೆ. ಆದರೂ 1950ರಲ್ಲಿ ನಿಮ್ಮ ಹಿರಿಯರು ಎಲ್ಲಿದ್ದರು ಎಂಬ ಪ್ರಶ್ನೆ ಎದ್ದರೆ ಈ ಜನ ಏನು ಹೇಳಬೇಕು? ಅವರಿದ್ದದ್ದು ಸಿಲೋನಿನ ಲಯದಲ್ಲಿ. ಅದೂ ಯಾವ ದೇಶದ ಪೌರರೂ ಆಗದೆ. ಜಾತಿ ಪ್ರಮಾಣಪತ್ರಕ್ಕಾಗಿ ಇವರ ಬೇಡಿಕೆ ದಶಕಗಳಷ್ಟು ಹಳೆಯದು.

1948ರಲ್ಲಿ ಕೊಲಂಬೊ ಕೇಳಿತು, ನಿನ್ನ ಅಜ್ಜ ಇಲ್ಲಿ ಹುಟ್ಟಿದ್ದನೇ ಎಂದು. ಇಲ್ಲಿಗೆ ಬಂದ ಮೇಲೆ ಮೊಮ್ಮಗನನ್ನು ನಾವು ಕೇಳುತ್ತಿದ್ದೇವೆ, ನಿನ್ನ ಅಜ್ಜ ಇಲ್ಲಿದ್ದನೇ ಎಂದು. ಎರಡೂ ಕಡೆ ಒಂದೇ ಕುಟುಂಬ ಸೋಲುತ್ತದೆ, ಎರಡೂ ಕಡೆ ಕಾನೂನಿನ ಪ್ರಕಾರವೇ ಸೋಲುತ್ತದೆ. ಇಬ್ಬರು ಪ್ರಧಾನಿಗಳು ಸಹಿ ಹಾಕಿ ಕರೆತಂದ ಜನರನ್ನು ತಾವಾಗಿ ವಲಸೆ ಬಂದವರಂತೆ ಕಾಣುವುದು ನ್ಯಾಯವೇ? ಕರೆತರುವಾಗ ಕೊಟ್ಟ ಕುಟುಂಬ ಕಾರ್ಡು, ಪಾಸ್‌ಪೋರ್ಟು ಸರ್ಕಾರದವೇ. ಅವೇ ಆಧಾರವಾಗಿ ಸಾಕು ಎನ್ನಲು ಬೇಕಾದದ್ದು ಮನಸ್ಸು ಮಾತ್ರ.

ಮನೆಯದು ಇನ್ನೊಂದು ಸಂಕಟ. ನಿಗಮದ ಮನೆ ಕೆಲಸದ ಜೊತೆಗೆ ಬಂದದ್ದು, ಕೆಲಸ ಮುಗಿದರೆ ಅದರ ಮೇಲೆ ಹಕ್ಕಿಲ್ಲ. ತೋಟ ನಿಂತಿರುವುದು ಅರಣ್ಯಭೂಮಿಯಲ್ಲಿ, 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದನ್ನು ನಿವೇಶನವಾಗಿ ಹಂಚುವುದು ಸುಲಭದ ಮಾತಲ್ಲ. ನಲವತ್ತು ವರ್ಷ ಒಂದೇ ಗೋಡೆಯ ಒಳಗಿದ್ದವರು ಅರುವತ್ತನೆಯ ವಯಸ್ಸಿನಲ್ಲಿ ಎಲ್ಲಿಗೆ ಹೋಗಬೇಕು? ಕೆಲವರು ದುಡಿದ ಹಣದಲ್ಲಿ ಐದು ಸೆಂಟ್ಸು ಜಾಗ ಮಾಡಿಕೊಂಡಿದ್ದಾರೆ, ಎಲ್ಲರಿಗೂ ಅದು ಆಗಿಲ್ಲ. ನೀಲಗಿರಿಯಲ್ಲೂ ಇದೇ ಕಳವಳ. ಅಲ್ಲಿನ ಸರ್ಕಾರಿ ಚಹಾ ತೋಟಗಳು ನಷ್ಟದಲ್ಲಿ ಮುಳುಗಿ, 2022ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ನೆಲವನ್ನು ಅರಣ್ಯ ಇಲಾಖೆಗೆ ಹಿಂದಿರುಗಿಸಲು ಆದೇಶವಾದಾಗ ಲಯದ ಜನ ಬೀದಿಗಿಳಿದರು. ಮರಕ್ಕೆ ವಯಸ್ಸಾದರೆ ಕಡಿದು ಬೇರೆ ನೆಡಬಹುದು. ಜನರಿಗೆ ನೆಲೆ ಕೊಡುವ ಯೋಜನೆ ಬೆಳೆಯ ಆಯುಷ್ಯಕ್ಕೆ ಗಂಟು ಬಿದ್ದಿದ್ದರೆ ಹೀಗೇ ಆಗುತ್ತದೆ.

ಅತ್ತ ಶ್ರೀಲಂಕಾದಲ್ಲಿ ಉಳಿದವರ ಪಾಡು ನಿಧಾನವಾಗಿಯಾದರೂ ಬದಲಾಯಿತು. 2003ರಲ್ಲಿ ಅಲ್ಲಿನ ಸಂಸತ್ತು ಕಾಯಿದೆ ಮಾಡಿ, 1964ರಿಂದ ಅಲ್ಲೇ ನೆಲೆಸಿದ್ದ ಭಾರತ ಮೂಲದವರಿಗೂ ಅವರ ಸಂತತಿಗೂ ಪೌರತ್ವ ಕೊಟ್ಟಿತು. 2023ರ ಜುಲೈ ಕೊನೆಯಲ್ಲಿ, ಪೂರ್ವಿಕರು ಬಂದು ಇನ್ನೂರು ವರ್ಷ ತುಂಬಿದ ನೆನಪಿಗೆ, ಬೆಟ್ಟದ ತಮಿಳರು ತಲೈಮನ್ನಾರಿನಿಂದ ಮಾತಳೆಯವರೆಗೆ ಅದೇ ಹಳೆಯ ದಾರಿಯಲ್ಲಿ ಕಾಲ್ನಡಿಗೆ ಮಾಡಿದರು. ದಾರಿಯಲ್ಲಿ ಸತ್ತವರಿಗೆ ಗೌರವ ಸಲ್ಲಿಸಿದರು, ನೆಲ ಮನೆ ಸಮಾನ ಕೂಲಿ ಕೇಳಿದರು. ಆ ನಡಿಗೆಯಲ್ಲಿ ಇದ್ದವರಿಗೂ ನಮ್ಮ ಗುಡ್ಡದಲ್ಲಿ ಬೆಳಗಿನ ಜಾವ ಟಾರ್ಚು ಕಟ್ಟಿಕೊಂಡು ಹೊರಡುವವರಿಗೂ ಮುತ್ತಜ್ಜ ಒಬ್ಬನೇ ಆಗಿದ್ದರೆ ಆಶ್ಚರ್ಯವಿಲ್ಲ.

1970ರಲ್ಲಿ ಇಪ್ಪತ್ತರ ಹರೆಯದಲ್ಲಿ ಹಡಗು ಹತ್ತಿದವರಿಗೆ ಈಗ ಎಪ್ಪತ್ತೈದು ದಾಟಿದೆ. ಯಾವ ತೋಟ, ಯಾವ ಕಂಗಾಣಿಯ ಮನೆತನ, ಹಡಗು ಹತ್ತಿದ ತಿಂಗಳು ಯಾವುದು, ಜೊತೆಗೆ ಬಂದವರು ಯಾರು, ಅಲ್ಲೇ ಉಳಿದವರು ಯಾರು, ಮಂಟಪಂ ಶಿಬಿರದಲ್ಲಿ ಎಷ್ಟು ದಿನ, ಇಲ್ಲಿ ಮೊದಲ ಮಳೆಗಾಲ ಹೇಗಿತ್ತು, ಮೊದಲ ಗಿಡ ಎಲ್ಲಿ ನೆಟ್ಟರು ಎಂಬುದನ್ನು ಅವರು ಹೇಳಬಲ್ಲರು. ತುಳುವಿನ ಪಾಡ್ದನಗಳನ್ನು ಊರೂರು ಅಲೆದು ಬರೆದುಕೊಂಡ ಜಿಲ್ಲೆ ಇದು. ರಾಮಕುಂಜದಲ್ಲಿ, ಕಡಬದಲ್ಲಿ, ಸುಳ್ಯದಲ್ಲಿ, ಪುತ್ತೂರಿನಲ್ಲಿ ಕಾಲೇಜುಗಳಿವೆ, ಕನ್ನಡ ಓದುವ ವಿದ್ಯಾರ್ಥಿಗಳಿದ್ದಾರೆ, ಆ ಮನೆಗಳ ತಮಿಳನ್ನು ಕನ್ನಡದಲ್ಲಿ ತಿಳಿಹೇಳಬಲ್ಲ ಮೊಮ್ಮಕ್ಕಳು ಅದೇ ತರಗತಿಗಳಲ್ಲಿ ಕೂತಿದ್ದಾರೆ. ಬರುವ ಬೇಸಿಗೆ ರಜೆಯಲ್ಲೇ ಒಂದೊಂದು ಕಾಲೊನಿಗೆ ಇಬ್ಬಿಬ್ಬರಂತೆ ಹೋಗಿ ಈ ಕೆಲಸಕ್ಕೆ ಕೈಹಾಕಬಹುದು. ಬರೆದುಕೊಂಡ ಹೆಸರು, ತೋಟ, ವರ್ಷಗಳ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇರಲಿ. ಪ್ರಮಾಣಪತ್ರ ಕೇಳಿಕೊಂಡು ಬರುವ ಮುಂದಿನ ಮಗುವಿಗೆ ಅದು ಬೇಕಾದೀತು.